ಅಕ್ಷರಗಳ ನಡುವಿನ ಖಾಲಿ ಜಾಗ

‘ಅವರು ಹೊಸಪೇಟೆಗೆ ಹೋದರು’ ಎಂದರೆ ತುಂಗಭದ್ರಾ ಅಣೆಕಟ್ಟಿನ ಮಗ್ಗುಲಿನ ಊರಿಗೆ ಹೋದರು ಎಂದರ್ಥ. ‘ಅವರು ಹೊಸ ಪೇಟೆಗೆ ಹೋದರು’ ಎಂದರೆ ಹಳೆಯ ಪೇಟೆಯನ್ನು ಬಿಟ್ಟು ಈಚೆಗೆ ಆರಂಭವಾದ ಇನ್ನಾವುದೋ ಪೇಟೆಗೆ ಹೋದರು ಎಂದಾಯಿತು. ಎರಡು ವಾಕ್ಯಗಳಲ್ಲೂ ಅಕ್ಷರಗಳು ಅವೇ, ಕ್ರಮವೂ ಅದೇ. ವ್ಯತ್ಯಾಸ ಇರುವುದು ಮಸಿಯೇ ತಾಗದ ಒಂದು ಚಿಕ್ಕ ಜಾಗದಲ್ಲಿ. ‘ರಾಮ ನಗರಕ್ಕೆ ಹೋದ’ ಮತ್ತು ‘ರಾಮನಗರಕ್ಕೆ ಹೋದ’ ಎಂಬ ಹಳೆಯ ತಮಾಷೆಯೂ ಇದೇ ಜಾತಿಯದು. ಒಂದರಲ್ಲಿ ಹೋದವನು ಯಾರೆಂದು ಗೊತ್ತು, ಇನ್ನೊಂದರಲ್ಲಿ ಎಲ್ಲಿಗೆಂದು ಮಾತ್ರ ಗೊತ್ತು.

ಅಕ್ಷರ ಜೋಡಿಸುವವರು ಅಕ್ಷರಗಳಿಗೆ ಕೊಡುವಷ್ಟೇ ಗಮನವನ್ನು ಈ ಖಾಲಿ ಜಾಗಕ್ಕೂ ಕೊಡಬೇಕಾಗುತ್ತದೆ. ಪದ ಪದಗಳ ನಡುವೆ ಎಷ್ಟು ಅಂತರ, ಅಕ್ಷರ ಅಕ್ಷರಗಳ ನಡುವೆ ಎಷ್ಟು ಅಂತರ ಎಂಬುದನ್ನು ಇಂದು ಕಂಪ್ಯೂಟರಿನ ತಂತ್ರಾಂಶ ಲೆಕ್ಕ ಹಾಕುತ್ತದೆ. ಆ ಲೆಕ್ಕ ಹುಟ್ಟಿದ್ದು ರೋಮನ್ ಲಿಪಿಗಾಗಿ. ಕನ್ನಡಕ್ಕೆ ಅದು ಎಷ್ಟರಮಟ್ಟಿಗೆ ಒಗ್ಗುತ್ತದೆ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಬೇಕಾದರೆ ಹೊಸಪೇಟೆಯಿಂದ ಹದಿಮೂರು ಕಿಲೋಮೀಟರ್ ಆಚೆಯ ಹಂಪಿಯಿಂದಲೇ ಆರಂಭಿಸುವುದು ಒಳ್ಳೆಯದು.

ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿ ರಂಗಮಂಟಪದ ಮುಂದೆ ಕೃಷ್ಣದೇವರಾಯನ ಶಾಸನವೊಂದಿದೆ. ಪಟ್ಟಾಭಿಷೇಕದ ಸಂದರ್ಭದಲ್ಲಿ, 1510ರ ಸುಮಾರಿಗೆ, ಆತ ರಂಗಮಂಟಪವನ್ನೂ ಗೋಪುರವನ್ನೂ ಮಾಡಿಸಿದ ಸಂಗತಿಯನ್ನು ಅದು ಸಂಸ್ಕೃತ ಮತ್ತು ಕನ್ನಡಗಳಲ್ಲಿ ಹೇಳುತ್ತದೆ. ಅಲ್ಲಿಂದ ಹೇಮಕೂಟದ ಬಂಡೆಯನ್ನೇರಿದರೆ ಅದಕ್ಕಿಂತ ಸುಮಾರು ಇನ್ನೂರು ವರ್ಷ ಹಳೆಯ ಶಾಸನ ಸಿಗುತ್ತದೆ. ಮುಮ್ಮಡಿ ಸಿಂಗೆಯ ನಾಯಕನ ಮಗ ವೀರ ಕಂಪಿಲದೇವ ಅಲ್ಲಿ ಶಿವಾಲಯವನ್ನು ಕಟ್ಟಿಸಿ ಮೂರು ಲಿಂಗಗಳನ್ನು ಪ್ರತಿಷ್ಠಾಪಿಸಿದ್ದನ್ನು ಅದು ದಾಖಲಿಸುತ್ತದೆ. ವಿಜಯನಗರಕ್ಕೂ ಮೊದಲು ಈ ಸೀಮೆಯನ್ನು ಆಳಿದ, ಇಂದಿನ ಕಂಪ್ಲಿಯ ಹೆಸರಿನೊಡನೆ ಬೆಸೆದುಕೊಂಡ ಅರಸ ಆತ.

ಇಂಥ ಶಾಸನಗಳ ಮುಂದೆ ನಿಂತವರಿಗೆ ಹಳೆಯ ಲಿಪಿಯ ಪರಿಚಯವಿದ್ದರೂ ಓದು ಸಲೀಸಾಗುವುದಿಲ್ಲ. ಪದ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಆರಂಭವಾಯಿತು ಎಂದು ಕಲ್ಲು ಹೇಳುವುದಿಲ್ಲ. ಅಕ್ಷರಗಳು ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮನೆ ಹರಿಯುತ್ತವೆ. ಸಾಲು ಮುಗಿದಲ್ಲಿ ಪದವೂ ಮುರಿಯುತ್ತದೆ. ಉಳಿದರ್ಧ ಕೆಳಗಿನ ಸಾಲಿನಲ್ಲಿ. ಶ್ಲೋಕವೋ ಪದ್ಯವೋ ಮುಗಿದಾಗ ಒಂದೋ ಎರಡೋ ಗೀಟು, ಅಷ್ಟೆ. ಕನ್ನಡ ಶಾಸನಗಳಲ್ಲಿ ಅನೇಕ ಕಡೆ ‘ಬರೆದ’ವನ ಹೆಸರೂ ‘ಕಂಡರಿಸಿದ’ವನ ಹೆಸರೂ ಬೇರೆ ಬೇರೆಯಾಗಿ ಸಿಗುತ್ತವೆ. ಅಂದರೆ ಪಠ್ಯವನ್ನು ಸಿದ್ಧಪಡಿಸುವ ಕೆಲಸ ಒಬ್ಬನದು, ಕಲ್ಲಿಗೆ ಇಳಿಸುವ ಕೆಲಸ ಇನ್ನೊಬ್ಬನದು. ಇಬ್ಬರಿಗೂ ಪದಗಳ ನಡುವೆ ಕಲ್ಲನ್ನು ಖಾಲಿ ಬಿಡಬೇಕೆಂದು ಅನ್ನಿಸಿರಲಿಲ್ಲ.

ಇದನ್ನು ಅಜ್ಞಾನವೆನ್ನಲಾಗದು. ಗ್ರೀಕರೂ ಹೀಗೆಯೇ ಬರೆದರು. ರೋಮನ್ನರು ಕೆಲಕಾಲ ಪದಗಳ ನಡುವೆ ಚುಕ್ಕಿ ಇಟ್ಟು, ಬಳಿಕ ಅದನ್ನೂ ಬಿಟ್ಟರು. ಲ್ಯಾಟಿನ್ ಬರವಣಿಗೆಯಲ್ಲಿ ಪದಗಳ ನಡುವೆ ಜಾಗ ಬಿಡುವ ರೂಢಿಯನ್ನು ನೆಲೆಗೊಳಿಸಿದವರು ಏಳು, ಎಂಟನೆಯ ಶತಮಾನದ ಐರ್ಲೆಂಡಿನ ಲಿಪಿಕಾರರು. ಲ್ಯಾಟಿನ್ ಅವರ ಮನೆಮಾತಲ್ಲ, ಕಲಿತ ಭಾಷೆ. ಕಲಿತ ಭಾಷೆಯಲ್ಲಿ ಪದವನ್ನು ಬಿಡಿಸಿಕೊಳ್ಳುವುದು ಕಷ್ಟ, ಆದ್ದರಿಂದ ಜಾಗ ಬೇಕಾಯಿತು. ಥಾಯ್ ಭಾಷೆಯ ಪುಸ್ತಕಗಳು ಇಂದಿಗೂ ಪದ ಬಿಡಿಸದೆ ಅಚ್ಚಾಗುತ್ತವೆ, ಓದುವವರಿಗೆ ತೊಂದರೆಯಿಲ್ಲ.

ತಾಳೆಗರಿಯಲ್ಲೂ ಇದೇ ಕತೆ. ಕಂಠದಿಂದ ಕೊರೆದು, ಮಸಿ ಸವರಿ ಓದುವ ಗರಿಯಲ್ಲಿ ಜಾಗ ಅಮೂಲ್ಯ. ಅಲ್ಲಿ ಕಾಣುವ ಖಾಲಿ ಜಾಗವೆಂದರೆ ದಾರ ಪೋಣಿಸುವ ತೂತಿನ ಸುತ್ತ ಬಿಟ್ಟ ಚೌಕ. ಅದಕ್ಕೂ ಅರ್ಥಕ್ಕೂ ಸಂಬಂಧವಿಲ್ಲ. ಪದದ ನಡುವೆ ತೂತು ಬಂದರೆ ಲಿಪಿಕಾರ ಅದನ್ನು ದಾಟಿ ಮುಂದುವರಿಯುತ್ತಾನೆ.

ಹೀಗಾಗಿ ಇಂದು ಶಾಸನ ಸಂಪುಟದಲ್ಲಿ ಅಥವಾ ಸಂಪಾದಿತ ಕಾವ್ಯದಲ್ಲಿ ಕಾಣುವ ಒಂದೊಂದು ಪದಾಂತರವೂ ಸಂಪಾದಕನ ತೀರ್ಮಾನ. ದತ್ತಿಯ ಶಾಸನದಲ್ಲಿ ಊರಿನ ಹೆಸರಿಗೂ ಅದರ ಮುಂದಿನ ವಿಶೇಷಣಕ್ಕೂ ನಡುವೆ ಗೆರೆ ಎಲ್ಲಿ ಎಳೆಯಬೇಕು? ‘ಹೊಸ’ ಎಂಬುದು ಊರಿನ ಹೆಸರಿನ ಭಾಗವೋ, ಹೊಸದಾಗಿ ಕಟ್ಟಿದ ಊರೆಂಬ ವಿವರಣೆಯೋ? ಇದನ್ನು ತಪ್ಪಿದರೆ ಇಲ್ಲದ ಊರೊಂದು ಚರಿತ್ರೆಯಲ್ಲಿ ಹುಟ್ಟಿಕೊಳ್ಳಬಹುದು, ಇದ್ದ ಊರೊಂದು ಅಳಿಸಿಹೋಗಬಹುದು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿರುವ ಶಾಸನ ಸಂಪುಟಗಳಂಥ ಪುಸ್ತಕಗಳನ್ನು ಅಚ್ಚಿಗೆ ಸಿದ್ಧಪಡಿಸುವವರು ಒಂದು ಸ್ಪೇಸ್ ಒತ್ತುವಾಗಲೂ ಕೈ ತಡೆದು ಯೋಚಿಸಬೇಕಾಗುವುದು ಇದಕ್ಕೇ.

ಬಳ್ಳಾರಿಗೆ ಬಂದ ಪತ್ರಿಕೆ

ಪದಗಳ ನಡುವಿನ ಜಾಗ ಕನ್ನಡದಲ್ಲಿ ಗಟ್ಟಿಯಾಗಿ ನೆಲೆಯೂರಿದ್ದು ಮುದ್ರಣದ ಜೊತೆಯಲ್ಲಿ. 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಬಂಗಾಳದ ಸೆರಾಂಪುರದಲ್ಲಿ ಅಚ್ಚಾಯಿತು. ಕನ್ನಡದ ಮೊದಲ ಪತ್ರಿಕೆಯ ಕತೆಯಂತೂ ಈ ಸೀಮೆಗೇ ಸೇರಿದ್ದು. 1843ರ ಜುಲೈಯಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ್ದು ಕಲ್ಲಚ್ಚಿನಲ್ಲಿ. ಕಲ್ಲಚ್ಚೆಂದರೆ ಕೈಬರಹದ್ದೇ ಪ್ರತಿ. ಬರೆಯುವವನು ಸಾಲಿನ ಕೊನೆಗೆ ಬಂದಾಗ ಅಕ್ಷರವನ್ನು ಕೊಂಚ ಹಿಗ್ಗಿಸಬಹುದು, ಕುಗ್ಗಿಸಬಹುದು, ಒತ್ತನ್ನು ಪಕ್ಕಕ್ಕೆ ಸರಿಸಬಹುದು. ಮರುವರ್ಷ, 1844ರಲ್ಲಿ, ಪತ್ರಿಕೆ ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ವೆಂಬ ಹೆಸರಿನಲ್ಲಿ ಅಚ್ಚುಮೊಳೆಗಳಿಂದ ಮುದ್ರಣವಾಗತೊಡಗಿತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಿಂದಲೇ ಬಳ್ಳಾರಿಯಲ್ಲಿ ನೆಲೆಸಿ ಬೈಬಲ್ ಅನುವಾದಕ್ಕೆ ಕೈಹಾಕಿದ್ದರು. ಅಚ್ಚಿನ ಕೆಲಸಕ್ಕೆ ಆ ಊರು ಅಪರಿಚಿತವಾಗಿರಲಿಲ್ಲ.

ಕಲ್ಲಿನಿಂದ ಮೊಳೆಗೆ ಬಂದೊಡನೆ ಜಾಗದ ಸ್ವಭಾವವೇ ಬದಲಾಯಿತು. ಕೈಬರಹದಲ್ಲಿ ಖಾಲಿ ಜಾಗವೆಂದರೆ ಬರೆಯದೆ ಬಿಟ್ಟದ್ದು. ಮೊಳೆ ಜೋಡಣೆಯಲ್ಲಿ ಅದೊಂದು ವಸ್ತು. ಸೀಸ, ತವರ, ಆಂಟಿಮನಿ ಬೆರೆಸಿ ಎರಕ ಹೊಯ್ದ, ಮುಖವಿಲ್ಲದ, ಎತ್ತರದಲ್ಲಿ ಅಕ್ಷರಕ್ಕಿಂತ ತುಸು ಗಿಡ್ಡನೆಯ ತುಂಡು. ಮಸಿ ಅದಕ್ಕೆ ತಾಗುವುದಿಲ್ಲ. ಕಂಪಾಸಿಟರನ ಕೇಸಿನಲ್ಲಿ ಇವುಗಳಿಗೂ ಮನೆಗಳಿದ್ದವು. ಅಕ್ಷರದ ಅಳತೆಯಷ್ಟೇ ಅಗಲವಿದ್ದದ್ದು ಎಮ್, ಅದರ ಅರ್ಧ ಎನ್. ಮೂರನೇ ಒಂದು, ನಾಲ್ಕನೇ ಒಂದು, ಐದನೇ ಒಂದು ಭಾಗದ ಸ್ಪೇಸುಗಳು. ಎಡಗೈಯಲ್ಲಿ ಸ್ಟಿಕ್ ಹಿಡಿದು ಸಾಲು ಕಟ್ಟುವಾಗ ಕೊನೆಯಲ್ಲಿ ಜಾಗ ಉಳಿದರೆ ತೆಳ್ಳನೆಯ ತುಂಡುಗಳನ್ನು ಕಿತ್ತು ದಪ್ಪನೆಯವನ್ನು ತುರುಕಬೇಕು. ಜಾಗ ಸಾಲದಿದ್ದರೆ ಅದರ ತಿರುಗುಮುರುಗು. ಸಾಲು ಸಡಿಲವಾದರೆ ಯಂತ್ರದಲ್ಲಿ ಮೊಳೆ ಉದುರುತ್ತದೆ. ಎಡಬಲ ಅಂಚುಗಳು ಸಮವಾಗಿರಬೇಕೆಂಬುದು ಅಂದಕ್ಕಷ್ಟೇ ಸಂಬಂಧಿಸಿದ್ದಲ್ಲ; ಸಾಲು ಬಿಗಿಯಾಗಿ ನಿಲ್ಲಲು ಅದು ಬೇಕೇ ಬೇಕಿತ್ತು.

ಕನ್ನಡದ ಕಂಪಾಸಿಟರನಿಗೆ ಇನ್ನೊಂದು ತೊಡಕು. ಒತ್ತಕ್ಷರ. ‘ಕೃಷ್ಣದೇವರಾಯ’ ಎಂಬ ಹೆಸರಿನಲ್ಲಿ ಕಕಾರದ ಕೆಳಗೆ ಬಲಕ್ಕೆ ವಟ್ರಸುಳಿ, ಅದರ ಬೆನ್ನಿಗೇ ಷಕಾರದ ಕೆಳಗೆ ಣಕಾರದ ಒತ್ತು. ಅಕ್ಷರಗಳನ್ನು ತುಸು ಹತ್ತಿರ ತಂದರೆ ಕೆಳಗಿನ ಚಿಹ್ನೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ರೋಮನ್ ಲಿಪಿಯಲ್ಲಿ ಅಂತರವೆಂದರೆ ಎಡಬಲಗಳ ಲೆಕ್ಕ. ಕನ್ನಡದಲ್ಲಿ ಅದು ಮೇಲೆ ಕೆಳಗಿನ ಲೆಕ್ಕವೂ ಹೌದು. ‘ಸ್ವಾತಂತ್ರ್ಯ’ದಂಥ ಪದ ಬಂದರೆ ಒತ್ತಿನ ಕೆಳಗೆ ಮತ್ತೊಂದು ಒತ್ತಿಗೆ ಜಾಗ ಬೇಕು; ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಸಡಿಲ ಬಿಡಬೇಕು. ಕನ್ನಡ ಪುಸ್ತಕ ಇಂಗ್ಲಿಷ್ ಪುಸ್ತಕಕ್ಕಿಂತ ದಪ್ಪಗಾಗುವುದಕ್ಕೆ ಇದೂ ಒಂದು ಕಾರಣ.

ಮೂರು ತುಂಡಿನ ಮಕಾರ

ಎಂಬತ್ತರ ದಶಕದ ಕೊನೆ, ತೊಂಬತ್ತರ ದಶಕದಲ್ಲಿ ಡಿ.ಟಿ.ಪಿ. ಬಂತು. ಆಲ್ಡಸ್ ಕಂಪನಿಯ ಪೇಜ್‌ಮೇಕರ್ 1985ರಲ್ಲಿ ಹೊರಬಂದಿತ್ತು. ಕೆಲವೇ ವರ್ಷಗಳಲ್ಲಿ ಅದು ಜಿಲ್ಲಾ ಕೇಂದ್ರಗಳ, ತಾಲ್ಲೂಕು ಕೇಂದ್ರಗಳ ಮುದ್ರಣಾಲಯಗಳಿಗೂ ಇಳಿಯಿತು. ಮೊಳೆಯ ಕೇಸುಗಳು ಮೂಲೆ ಸೇರಿದವು. ಕನ್ನಡದ ಕಂಪ್ಯೂಟರ್ ಅಕ್ಷರಜೋಡಣೆಗೆ ದಾರಿ ಮಾಡಿದವರಲ್ಲಿ ಪ್ರಮುಖರು ಕೆ.ಪಿ. ರಾವ್. ಮಾನೋಟೈಪ್ ಕಂಪನಿಯಲ್ಲಿದ್ದು ಮುದ್ರಣದ ಒಳಹೊರಗು ಬಲ್ಲವರಾಗಿದ್ದ ಅವರು ‘ಸೇಡಿಯಾಪು’ ತಂತ್ರಾಂಶವನ್ನೂ, ಉಚ್ಚಾರಣೆಯನ್ನು ಅನುಸರಿಸುವ ಕೀಲಿಮಣೆ ವಿನ್ಯಾಸವನ್ನೂ ರೂಪಿಸಿದರು. ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತು.

ಆದರೆ ಆ ಕಾಲದ ಪುಟ ವಿನ್ಯಾಸದ ತಂತ್ರಾಂಶಗಳಿಗೆ ಕನ್ನಡ ಗೊತ್ತಿರಲಿಲ್ಲ. ಅವುಗಳ ದೃಷ್ಟಿಯಲ್ಲಿ ಎಲ್ಲವೂ ಇಂಗ್ಲಿಷೇ. ಇಂಗ್ಲಿಷಿನ ಅಕ್ಷರ, ಚಿಹ್ನೆಗಳಿಗೆ ಮೀಸಲಾದ ಸಂಕೇತಸ್ಥಾನಗಳು ಇನ್ನೂರೈವತ್ತಾರಕ್ಕಿಂತ ಹೆಚ್ಚಿಲ್ಲ. ಕನ್ನಡದ ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿದರೆ ಸಾವಿರಾರು ರೂಪಗಳು. ಆದ್ದರಿಂದ ಫಾಂಟ್ ತಯಾರಿಸಿದವರು ಒಂದು ಉಪಾಯ ಹೂಡಿದರು. ಅಕ್ಷರಗಳನ್ನು ತುಂಡು ಮಾಡಿದರು. ಒಡಲು ಒಂದು ಕಡೆ, ತಲೆಕಟ್ಟು ಒಂದು ಕಡೆ, ಕೊಂಬು, ದೀರ್ಘ, ಒತ್ತು ಬೇರೆ ಬೇರೆ. ‘ನುಡಿ’ಯ ಹಳೆಯ ಸಂಕೇತ ಪದ್ಧತಿಯಲ್ಲಿ ‘ಹೊಸಪೇಟೆ’ ಎಂಬ ನಾಲ್ಕಕ್ಷರದ ಹೆಸರು ಹತ್ತು ತುಂಡುಗಳ ಜೋಡಣೆ. ‘ಕಂಪ್ಲಿ’ ಐದು ತುಂಡು. ಮಕಾರವಂತೂ ಸ್ವತಂತ್ರ ಅಕ್ಷರವೇ ಅಲ್ಲ. ವಕಾರದ ಒಡಲು, ಅದಕ್ಕೊಂದು ತಲೆಕಟ್ಟು, ಪಕ್ಕದಲ್ಲೊಂದು ಕೊಂಬು. ‘ಮಿ’ ಬೇಕಾದರೆ ‘ವಿ’ ಬರೆದು ಕೊಂಬು ಹಚ್ಚಬೇಕು.

ತುಂಡುಗಳು ಒಂದಕ್ಕೊಂದು ಅಂಟಿ ಕೂತಿರುವವರೆಗೆ ಎಲ್ಲವೂ ಸರಿ. ಓದುಗನಿಗೆ ಒಳಗಿನ ಗುಟ್ಟು ತಿಳಿಯುವುದಿಲ್ಲ. ಗುಟ್ಟು ರಟ್ಟಾಗುವುದು ಅಕ್ಷರಾಂತರವನ್ನು ಹಿಗ್ಗಿಸಿದಾಗ. ಶೀರ್ಷಿಕೆ ಪುಟದ ಅಗಲಕ್ಕೆ ಸಾಲದು ಎಂದು ಆಪರೇಟರ್ ಟ್ರ್ಯಾಕಿಂಗ್ ಹೆಚ್ಚಿಸುತ್ತಾನೆ. ಎರಡು ಅಕ್ಷರಗಳ ನಡುವೆ ಜಾಗ ಬಿಡು ಎಂದು ಅವನ ಆಜ್ಞೆ. ಯಂತ್ರ ಎರಡು ತುಂಡುಗಳ ನಡುವೆ ಜಾಗ ಬಿಡುತ್ತದೆ. ಸಂಡೂರಿನ ಕುಮಾರಸ್ವಾಮಿಯ ಜಾತ್ರೆಗೆ ಕರಪತ್ರ ಅಚ್ಚಾಗುತ್ತಿದೆ ಎಂದಿಟ್ಟುಕೊಳ್ಳೋಣ. ‘ಸ್ವಾಮಿ’ಯ ‘ಮಿ’ ಒಡೆದು ‘ವಿ’ ಮತ್ತು ಅನಾಥ ಕೊಂಬಾಗುತ್ತದೆ. ಸಕಾರದ ಕೆಳಗಿನ ಒತ್ತು ಪಕ್ಕಕ್ಕೆ ಜಾರಿ ಯಾರಿಗೂ ಸೇರದೆ ನಿಲ್ಲುತ್ತದೆ. ‘ಕಂಪ್ಲಿ’ಯಲ್ಲಿ ಸೊನ್ನೆ ಕಕಾರದಿಂದ ದೂರ, ಲಕಾರದ ಒತ್ತು ಪಕಾರದಿಂದ ದೂರ. ಮದುವೆಯ ಆಮಂತ್ರಣ, ಗೋಡೆಯ ಬ್ಯಾನರು, ಸಭೆಯ ವೇದಿಕೆಯ ಹಿಂದಿನ ಬಟ್ಟೆ ಇವುಗಳಲ್ಲಿ ಇಂಥ ಒಡೆದ ಅಕ್ಷರಗಳನ್ನು ನೋಡದ ಕನ್ನಡಿಗರು ಇರಲಿಕ್ಕಿಲ್ಲ. ನೋಡಿ ನೋಡಿ ಕಣ್ಣು ಅದಕ್ಕೆ ಒಗ್ಗಿಹೋಯಿತು ಎಂಬುದು ಬೇಸರದ ಸಂಗತಿ.

ಬಹಳ ಸಲ ಇದನ್ನು ಆಪರೇಟರ್ ಬೇಕೆಂದೇ ಮಾಡುವುದೂ ಇಲ್ಲ. ತಂತ್ರಾಂಶ ತಾನಾಗಿ ಮಾಡುತ್ತದೆ. ಪೇಜ್‌ಮೇಕರ್‌ನಲ್ಲಿ ಅಂತರಕ್ಕೊಂದು ಪಟ್ಟಿ ಇತ್ತು. ಪದಾಂತರ ಕನಿಷ್ಠ ಶೇಕಡಾ 75, ಅಪೇಕ್ಷಿತ 100, ಗರಿಷ್ಠ 150. ಅಕ್ಷರಾಂತರ ಕನಿಷ್ಠ ಮೈನಸ್ 5, ಅಪೇಕ್ಷಿತ ಸೊನ್ನೆ, ಗರಿಷ್ಠ 25. ಯಾರೂ ಮುಟ್ಟದಿದ್ದರೆ ಇವೇ ಅಂಕಿಗಳು. ಸಾಲನ್ನು ಎರಡೂ ಅಂಚಿಗೆ ಸಮ ಮಾಡುವಾಗ ತಂತ್ರಾಂಶ ಮೊದಲು ಪದಗಳ ನಡುವಿನ ಜಾಗವನ್ನು ಹಿಗ್ಗಿಸುತ್ತದೆ. ಅದು ಮಿತಿ ಮುಟ್ಟಿದರೆ ಅಕ್ಷರಗಳ ನಡುವೆ ಕೈ ಹಾಕುತ್ತದೆ.

ಪತ್ರಿಕೆಯ ಒಂದು ಕಾಲಂ 130 ಪಾಯಿಂಟ್ ಅಗಲವಿದೆ ಎನ್ನೋಣ. ಸುಮಾರು ನಾಲ್ಕೂವರೆ ಸೆಂಟಿಮೀಟರ್. ಸಾಲಿನಲ್ಲಿ ಮೂರು ಪದಗಳು ಕೂತು 112 ಪಾಯಿಂಟ್ ತುಂಬಿವೆ. ಮುಂದಿನ ಪದ ‘ಪ್ರಕಟಿಸಲಾಗುತ್ತಿದ್ದರೂ’. ಅದು ಹಿಡಿಯುವುದಿಲ್ಲ, ಕೆಳಗಿಳಿಯುತ್ತದೆ. ಉಳಿದ 18 ಪಾಯಿಂಟನ್ನು ಎರಡು ಪದಾಂತರಗಳಿಗೆ ಹಂಚಬೇಕು. ಒಂದೊಂದಕ್ಕೆ ಒಂಬತ್ತು. ಸಹಜವಾದ ಪದಾಂತರ ಮೂರು ಪಾಯಿಂಟ್ ಎಂದಾದರೆ ಇದು ಅದರ ಮೂರು ಪಟ್ಟು. ಶೇಕಡಾ 150ರ ಮಿತಿಯೊಳಗೆ ಎರಡು ಅಂತರಗಳು ಸೇರಿ ಹೀರಿಕೊಳ್ಳುವುದು ಒಂಬತ್ತು ಪಾಯಿಂಟ್ ಮಾತ್ರ. ಮಿಕ್ಕ ಒಂಬತ್ತು ಅಕ್ಷರಗಳ ಒಳಗೆ ಸುರಿಯುತ್ತದೆ, ಅಂದರೆ ತುಂಡುಗಳ ನಡುವೆ. ಇಂಗ್ಲಿಷಿನಲ್ಲಿ ಅದೇ ಅಗಲದಲ್ಲಿ ಐದಾರು ಪದ ಕೂಡುತ್ತವೆ, ಹಂಚಿಕೊಳ್ಳಲು ನಾಲ್ಕೈದು ಅಂತರಗಳಿರುತ್ತವೆ. ವಿಭಕ್ತಿ, ಕ್ರಿಯಾಪದ, ಅವ್ಯಯಗಳನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡು ಉದ್ದವಾಗುವ ಕನ್ನಡ ಪದಕ್ಕೆ ಆ ಸೌಲಭ್ಯವಿಲ್ಲ. ಪತ್ರಿಕೆಯ ಪುಟದಲ್ಲಿ ಸಾಲಿನಿಂದ ಸಾಲಿಗೆ ಬಿಳಿಯ ಬಿರುಕು ಇಳಿದುಬಂದಂತೆ ಕಾಣುವುದು ಈ ಲೆಕ್ಕದಿಂದ.

ಹಾಗಾದರೆ ಪರಿಹಾರ? ಶಾಸನದವರು ಮಾಡಿದ್ದೇ ಸರಿ ಎನ್ನಬೇಕಾಗುತ್ತದೆ, ಪದವನ್ನು ಸಾಲಿನ ಕೊನೆಯಲ್ಲಿ ಒಡೆಯುವುದು. ಕನ್ನಡ ಅಕ್ಷರಕ್ಕೊಂದು ಉಚ್ಚಾರ ಇರುವ ಲಿಪಿ. ಅಕ್ಷರದ ಗಡಿಯಲ್ಲಿ ಎಲ್ಲಿ ಮುರಿದರೂ ಓದಿಗೆ ಅಡ್ಡಿಯಿಲ್ಲ. ಇಂಗ್ಲಿಷಿನಂತೆ ನಿಘಂಟು ನೋಡಿ ಮುರಿಯಬೇಕಾಗಿಲ್ಲ. ಆದರೆ ಹಳೆಯ ತಂತ್ರಾಂಶಕ್ಕೆ ಕನ್ನಡದ ಅಕ್ಷರದ ಗಡಿ ತಿಳಿಯದು. ಆದ್ದರಿಂದ ಆಪರೇಟರುಗಳು ಕೈಯಿಂದಲೇ ಅಡ್ಡಗೆರೆ ಹಾಕಿ ಪದ ಒಡೆದರು. ಕೊನೆಯ ಗಳಿಗೆಯಲ್ಲಿ ಮೇಲಿನ ಒಂದು ಪದ ಬದಲಾದರೆ ಸಾಲುಗಳೆಲ್ಲ ಸರಿದು, ಆ ಗೆರೆ ಸಾಲಿನ ನಡುವೆ ಉಳಿದುಬಿಡುತ್ತಿತ್ತು. ‘ವಿಜಯ-ನಗರ’, ‘ತುಂಗ-ಭದ್ರಾ’ ಎಂದೆಲ್ಲ ಪತ್ರಿಕೆಗಳಲ್ಲಿ ಕಾಣುತ್ತಿದ್ದುದು ಹೀಗೆ. ಸಾಲಿನ ಕೊನೆಗೆ ಬಂದಾಗ ಮಾತ್ರ ಕಾಣುವ, ಇಲ್ಲವಾದರೆ ಅಡಗಿರುವ ಗೆರೆಯೂ ತಂತ್ರಾಂಶದಲ್ಲಿತ್ತು. ಆದರೆ ರಾತ್ರಿ ಪಾಳಿಯ ಅವಸರದಲ್ಲಿ ಅದನ್ನು ಹುಡುಕುವಷ್ಟು ವ್ಯವಧಾನ ಯಾರಿಗಿತ್ತು?

1999ರಲ್ಲಿ ಬಂದ ಇನ್‌ಡಿಸೈನ್ ಈ ಲೆಕ್ಕವನ್ನು ಸುಧಾರಿಸಿತು. ಅದು ಸಾಲು ಸಾಲನ್ನಲ್ಲ, ಇಡೀ ಪ್ಯಾರಾವನ್ನು ಒಟ್ಟಿಗೆ ನೋಡುತ್ತದೆ. ಆರನೆಯ ಸಾಲು ಕೆಡದಿರಲೆಂದು ಮೂರನೆಯ ಸಾಲನ್ನು ತುಸು ಬಿಗಿ ಮಾಡುತ್ತದೆ. ಗಣಿತಜ್ಞ ಡೊನಾಲ್ಡ್ ಕ್ನೂತ್ ತಮ್ಮ ‘ಟೆಕ್’ ತಂತ್ರಾಂಶಕ್ಕಾಗಿ ಎಪ್ಪತ್ತರ ದಶಕದ ಕೊನೆಯಿಂದ ರೂಪಿಸಿದ ಕ್ರಮ ಇದರ ಹಿಂದಿನ ಮಾದರಿ. ಇನ್‌ಡಿಸೈನ್‌ನಲ್ಲಿ ಪದಾಂತರ 80, 100, 133; ಅಕ್ಷರಾಂತರ ಮೂರೂ ಕಡೆ ಸೊನ್ನೆ. ಅಕ್ಷರದ ಒಳಗೆ ಕೈ ಹಾಕಬೇಡ ಎಂಬ ಈ ಸೊನ್ನೆ ಕನ್ನಡಕ್ಕೆ ಹೇಳಿ ಮಾಡಿಸಿದಂತಿದೆ. ಪುಸ್ತಕದ ಒಳಪುಟಗಳಲ್ಲಿ ಅದನ್ನು ಬದಲಿಸದಿರುವುದೇ ಲೇಸು. ಪದಾಂತರ ಸಾಲದಿದ್ದರೆ ಪದ ಒಡೆಯಬಹುದು, ಅದೂ ಬೇಡವಾದರೆ ಬಲಗಡೆಯ ಅಂಚನ್ನು ಸಮ ಮಾಡದೆ ಬಿಡಬಹುದು. ಅಂಚು ಅಂಕುಡೊಂಕಾದರೆ ಓದು ಕೆಡುವುದಿಲ್ಲ, ಅಕ್ಷರ ಒಡೆದರೆ ಕೆಡುತ್ತದೆ.

ಕಾಣದ ಸ್ಪೇಸು

ಕನ್ನಡ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1991ರಲ್ಲಿ. ಯೂನಿಕೋಡ್‌ನ ಮೊದಲ ಆವೃತ್ತಿ ಬಂದದ್ದೂ ಅದೇ ವರ್ಷ, ಅದರಲ್ಲಿ ಕನ್ನಡವೂ ಇತ್ತು. ಯೂನಿಕೋಡ್‌ನಲ್ಲಿ ಮಕಾರ ಮಕಾರವೇ. ಯಾರೂ ಅದನ್ನು ವಕಾರದಿಂದ ಹೊಲಿಯಬೇಕಾಗಿಲ್ಲ. ಒತ್ತು ಎಲ್ಲಿ ಕೂರಬೇಕೆಂಬುದನ್ನು ಫಾಂಟು ತಾನೇ ನೋಡಿಕೊಳ್ಳುತ್ತದೆ, ಅಂತರ ಹಿಗ್ಗಿಸಿದರೂ ಅಕ್ಷರ ಇಡಿಯಾಗಿ ಸರಿಯುತ್ತದೆ. ಆದರೆ ಪುಟ ವಿನ್ಯಾಸದ ತಂತ್ರಾಂಶಗಳಲ್ಲಿ ಬಹಳ ವರ್ಷ ಯೂನಿಕೋಡ್ ಕನ್ನಡ ಸರಿಯಾಗಿ ಮೂಡುತ್ತಿರಲಿಲ್ಲ. ಹೀಗಾಗಿ ಮುದ್ರಣಾಲಯಗಳು ಹಳೆಯ ತುಂಡು ಫಾಂಟುಗಳನ್ನೇ ನೆಚ್ಚಿಕೊಂಡವು.

ಯೂನಿಕೋಡ್ ತಂದ ಒಂದು ವಿಚಿತ್ರವೆಂದರೆ ಅಗಲವೇ ಇಲ್ಲದ ಅಂತರ. ಅಣೆಕಟ್ಟಿನ ಆಚೆ ದಡದ ಊರಿನ ಬಗ್ಗೆ ಬರೆಯುವಾಗ ‘ಮುನಿರಾಬಾದ್‌ನಲ್ಲಿ’ ಎಂದು ಬರೆಯಬೇಕು. ದಕಾರದ ಬಳಿಕ ನೇರವಾಗಿ ನಕಾರ ಒತ್ತಿದರೆ ಯಂತ್ರ ಎರಡನ್ನೂ ಕೂಡಿಸಿ ‘ಮುನಿರಾಬಾದ್ನಲ್ಲಿ’ ಎಂದು ಒತ್ತಕ್ಷರ ಮಾಡಿಬಿಡುತ್ತದೆ. ಎರಡರ ನಡುವೆ ಮಾಮೂಲಿ ಸ್ಪೇಸ್ ಇಟ್ಟರೆ ‘ನಲ್ಲಿ’ ಬೇರೆ ಪದವಾಗಿ, ಊರಿಗೆ ನೀರಿನ ನಲ್ಲಿ ಬಂದಂತಾಗುತ್ತದೆ. ಅದಕ್ಕಾಗಿ ಕಣ್ಣಿಗೆ ಕಾಣದ, ಜಾಗವನ್ನೂ ಹಿಡಿಯದ, ಕೂಡಬೇಡಿ ಎಂದಷ್ಟೇ ಹೇಳುವ ಒಂದು ಸಂಕೇತವನ್ನು ನಡುವೆ ಇಡಲಾಗುತ್ತದೆ. ಇಂಗ್ಲಿಷಿಗೆ ಇದರ ಗೊಡವೆಯಿಲ್ಲ. ಕನ್ನಡದ ಬರವಣಿಗೆಯಲ್ಲಿ ಬಸ್ಸು, ಬ್ಯಾಂಕು, ಆಫೀಸುಗಳಿಗೆ ಉಕಾರ ಹಚ್ಚದೆ ವಿಭಕ್ತಿ ಸೇರಿಸುವವರಿಗೆಲ್ಲ ಅದು ಬೇಕು.

ತೊಂಬತ್ತರ ದಶಕದಿಂದ ಇಪ್ಪತ್ತು ಇಪ್ಪತ್ತೈದು ವರ್ಷ ತುಂಡು ಫಾಂಟುಗಳಲ್ಲಿ ಅಚ್ಚಾದ ಪುಸ್ತಕಗಳು, ಪತ್ರಿಕೆಗಳು, ಸ್ಮರಣ ಸಂಚಿಕೆಗಳು ಅಪಾರ. ಅವುಗಳ ಕಡತಗಳನ್ನು ಈಗ ಯೂನಿಕೋಡ್‌ಗೆ ಪರಿವರ್ತಿಸುವ ಕೆಲಸ ಅಲ್ಲಲ್ಲಿ ನಡೆಯುತ್ತಿದೆ. ಪರಿವರ್ತಕವು ತುಂಡುಗಳ ಕ್ರಮವನ್ನು ನೋಡಿ ಅಕ್ಷರ ಕಟ್ಟುತ್ತದೆ. ಸಾಲು ಹೊಂದಿಸಲೆಂದು ಯಾರೋ ಅಂದು ಪದದ ನಡುವೆ ಒತ್ತಿದ ಒಂದು ಸ್ಪೇಸು, ಒಡೆಯಲೆಂದು ಹಾಕಿದ ಒಂದು ಗೆರೆ ಈಗ ಅಡ್ಡ ಬರುತ್ತದೆ. ತಲೆಕಟ್ಟಿಗೂ ಕೊಂಬಿಗೂ ನಡುವೆ ಸ್ಪೇಸು ಬಿದ್ದಿದ್ದರೆ ‘ಮ’ ಎಂಬುದು ‘ವ’ ಆಗಿಯೇ ಪರಿವರ್ತನೆಗೊಳ್ಳುತ್ತದೆ. ‘ಹೊಸ ಪೇಟೆ’ ಎಂದು ಬಿಡಿಯಾಗಿ ಕೂತ ಊರು ‘ಹೊಸಪೇಟೆ’ ಎಂದು ಹುಡುಕುವವರ ಕೈಗೆ ಸಿಗುವುದಿಲ್ಲ. ಊರಿನ ಇತಿಹಾಸವನ್ನೋ, ಯಾವುದಾದರೂ ಮನೆತನದ ಹೆಸರನ್ನೋ ಹುಡುಕುವ ವಿದ್ಯಾರ್ಥಿಗೆ ಪುಸ್ತಕ ಇದ್ದೂ ಇಲ್ಲದಂತೆ. ಇದಕ್ಕೆ ಸದ್ಯಕ್ಕಿರುವ ದಾರಿಯೆಂದರೆ ಅಚ್ಚಾದ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಕರಡು ತಿದ್ದುವವರು ಒಂದೊಂದು ಸಾಲನ್ನೂ ಕಣ್ಣಿಂದಲೇ ಹೋಲಿಸಿ, ಎಲ್ಲಿ ಕೂಡಿಸಬೇಕು, ಎಲ್ಲಿ ಬಿಡಿಸಬೇಕು ಎಂದು ಮತ್ತೊಮ್ಮೆ ತೀರ್ಮಾನಿಸುವುದು.